ದೊಡ್ಡ ಬಾರ್ಲೋ ಒಂದೇ ಪರಿಹಾರವಲ್ಲ
ದೂರದರ್ಶಕದಲ್ಲಿ ತೆಗೆದ ಚಿತ್ರದಲ್ಲಿ ಗುರು ಗ್ರಹ ಚಿಕ್ಕದಾಗಿ ಬಂದರೆ 5 ಪಟ್ಟಿನ ಬಾರ್ಲೋ (ಬಿಂಬವನ್ನು ಹಿಗ್ಗಿಸುವ ಮಸೂರ) ಹಾಕಿ ಎಂಬ ಲೇಖನದ ಸಲಹೆಯನ್ನು ನಾನು ಒಪ್ಪುವುದಿಲ್ಲ. 200 ಮಿ.ಮೀ. ಕನ್ನಡಿ, 1200 ಮಿ.ಮೀ. ಸಂಗಮ ದೂರದ ದೂರದರ್ಶಕದಲ್ಲಿ 45 ಆರ್ಕ್‌ಸೆಕೆಂಡಿನ (1 ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಗುರುವಿನ ಬಿಂಬ ಕ್ಯಾಮೆರಾದ ಸೆನ್ಸರ್ ಮೇಲೆ ಕಾಲು ಮಿ.ಮೀ.ಗಿಂತ ತುಸು ದೊಡ್ಡದು, ಅಷ್ಟೆ. 2.9 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಅದು ಸುಮಾರು 90 ಪಿಕ್ಸೆಲ್. ಪಿಕ್ಸೆಲ್ ಅಳತೆಯ (ಮೈಕ್ರಾನ್‌ಗಳಲ್ಲಿ) ಸುಮಾರು ಐದು ಪಟ್ಟು ಎಫ್ ಸಂಖ್ಯೆ (ಸಂಗಮ ದೂರವನ್ನು ಕನ್ನಡಿಯ ಅಗಲದಿಂದ ಭಾಗಿಸಿದ್ದು) ಸಾಕೆಂಬುದು ರೂಢಿಯ ಲೆಕ್ಕ; ಇಲ್ಲಿ ಅದು ಎಫ್/15. ಈ ದೂರದರ್ಶಕ ಎಫ್/6 ಆದ್ದರಿಂದ ಬೇಕಾದದ್ದು ಎರಡೂವರೆ ಪಟ್ಟಿನ ಬಾರ್ಲೋ. ಅದಕ್ಕಿಂತ ಹಿಗ್ಗಿಸಿದರೆ ಹೊಸ ವಿವರ ಬರುವುದಿಲ್ಲ, ಬೆಳಕು ಮಾತ್ರ ತೆಳುವಾಗುತ್ತದೆ. ಎಕ್ಸ್‌ಪೋಷರ್ ಉದ್ದವಾಗಿ, ಗಾಳಿಯ ಅಲುಗಾಟಕ್ಕೆ ಮೋಡಪಟ್ಟಿಗಳ ಅಂಚು ಕಲಸಿಹೋಗುತ್ತದೆ. ಅಂದಹಾಗೆ, 2 ಪಟ್ಟಿನ ಬಾರ್ಲೋ ಇದ್ದವರು ಹೊಸದನ್ನು ಕೊಳ್ಳಬೇಕಿಲ್ಲ: ಬಾರ್ಲೋ ಮತ್ತು ಕ್ಯಾಮೆರಾ ನಡುವೆ ಒಂದು ಕೊಳವೆ ಸೇರಿಸಿದರೂ ಬಿಂಬ ಹಿಗ್ಗುತ್ತದೆ.