ಡಿಸ್ಕ್ ಹಾಕಿಸುವ ಮುಂಚೆ ಸ್ಪ್ರಿಂಗ್ ನೋಡಿ

ನಾನು ಮೈಸೂರಿನವನು. ಈಗ ಇರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ, ಓಡಿಸುವುದು ಹಳೇ ಯಮಹಾ ಎಸ್‌ಆರ್ 500. ಹಳೇ ಗಾಡಿಯ ಮುಂದಿನ ಫೋರ್ಕು (ಮುಂದಿನ ಚಕ್ರ ಹಿಡಿದಿರುವ, ಒಳಗೆ ಸ್ಪ್ರಿಂಗ್ ಇರುವ ಜೋಡಿ ಪೈಪು), ಬ್ರೇಕು ಸುಧಾರಿಸುವ ವಿಷಯದಲ್ಲಿ ನಮ್ಮವರ ದಾರಿಯೇ ಬೇರೆ, ಇಲ್ಲಿಯವರ ದಾರಿಯೇ ಬೇರೆ. ಈ ಒಂದು ವಿಷಯದಲ್ಲಿ ಇಲ್ಲಿಯವರ ಕ್ರಮವೇ ಸರಿ ಅಂತ ನನಗೆ ಅನಿಸುತ್ತದೆ.

ನಮ್ಮಲ್ಲಿ ಆರ್‌ಎಕ್ಸ್ 100ರ ಡ್ರಮ್ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ ಅಂದರೆ ಬರುವ ಮೊದಲ ಸಲಹೆಯೇ ‘ಪಲ್ಸರ್‌ದು ಹಾಕಿಸಿಬಿಡಿ’. ಫೋರ್ಕ್, ಟಿ (ಫೋರ್ಕನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಭಾಗ), ಚಕ್ರ, ಡಿಸ್ಕ್ ಎಲ್ಲ ಒಟ್ಟಿಗೆ ಸಿಗುತ್ತವೆ. ಟಿ ಕೂರದಿದ್ದರೆ ಅದರ ನಡುವಿನ ರಾಡ್ ಕಿತ್ತು, ಆ ಜಾಗಕ್ಕೆ ಹಳೇ ಟಿಯ ರಾಡ್ ಒತ್ತಿ, ವೆಲ್ಡ್ ಮಾಡಿ ಕೂರಿಸುತ್ತಾರೆ. ನಮ್ಮ ಫಿಟ್ಟರುಗಳ ಕೈಚಳಕದ ಮೇಲೆ ನನಗೆ ತುಂಬಾ ಗೌರವವಿದೆ. ಬಾಗಿದ ಫೋರ್ಕ್ ಪೈಪನ್ನು ಕಣ್ಣಳತೆಯಲ್ಲೇ ಪತ್ತೆ ಮಾಡುವವರು ಅವರು. ಆದರೆ ಈ ವೆಲ್ಡಿಂಗ್ ನೋಡಿದರೆ ನನಗೆ ಭಯವಾಗುತ್ತದೆ. ಬ್ರೇಕ್ ಹಿಡಿದಾಗ ಪೂರ್ತಿ ಭಾರ ಬೀಳುವುದು ಅಲ್ಲೇ ಅಲ್ವಾ?

ಇಲ್ಲಿ ಬೇರೆ ಗಾಡಿಯ ಫೋರ್ಕ್ ಹಾಗೇ ಹಾಕಿಕೊಂಡು ಓಡಿಸಿದರೆ ಗಾಡಿಯ ಪರವಾನಗಿಯೇ ಹೋಗುತ್ತದೆ. ಗಾಡಿ ತಪಾಸಣೆ ಮಾಡುವ ಟ್ಯೂಫ್‌ನಂಥ ಸಂಸ್ಥೆಯ ಎಂಜಿನಿಯರ್ ನೋಡಿ ಒಪ್ಪಬೇಕು, ಆಮೇಲೆ ಅದು ಗಾಡಿಯ ಕಾಗದದಲ್ಲಿ ದಾಖಲಾಗಬೇಕು. ಎರಡು ವರ್ಷಕ್ಕೊಮ್ಮೆ ತಪಾಸಣೆ ಬೇರೆ. ಖರ್ಚು, ಓಡಾಟ ಎರಡೂ ಜಾಸ್ತಿ. ಹಾಗಾಗಿ ಜನ ಮೊದಲು ಇರುವುದನ್ನೇ ಸರಿ ಮಾಡಿಕೊಳ್ಳುತ್ತಾರೆ. ಹೊಸ ಸ್ಪ್ರಿಂಗ್, ಸರಿಯಾದ ಗ್ರೇಡಿನ ಫೋರ್ಕ್ ಆಯಿಲ್, ಹೊಸ ಸೀಲ್, ಹ್ಯಾಂಡಲ್ ತಿರುಗುವ ಕಡೆ ಇರುವ ಕೋನ್ ಸೆಟ್ ಜಾಗಕ್ಕೆ ಟೇಪರ್ ಬೇರಿಂಗ್, ಬ್ರೇಕ್ ಆಯಿಲ್ ಹೋಗುವ ರಬ್ಬರ್ ಹೋಸ್ ಜಾಗಕ್ಕೆ ಸ್ಟೀಲ್ ಹೆಣಿಗೆಯ ಹೋಸ್. ಅಂಥ ಹೋಸುಗಳು ಸಾಮಾನ್ಯವಾಗಿ ಮಂಜೂರಾತಿ ಪತ್ರದ ಜೊತೆಗೇ ಬರುತ್ತವೆ. ಆ ಪತ್ರ ಜೊತೆಗಿಟ್ಟುಕೊಂಡರೆ ಆಯಿತು.

ನನ್ನ ಎಸ್‌ಆರ್‌ನದು 35 ಮಿ.ಮೀ. ಫೋರ್ಕ್, ಒಂದೇ ಡಿಸ್ಕ್. ಇಷ್ಟು ಮಾಡಿದ ಮೇಲೆ ಗಾಡಿಯ ನಡತೆಯೇ ಬದಲಾಯಿತು. ಕಾರಣ ಸರಳ. ಸೋತ ಸ್ಪ್ರಿಂಗ್ ಇದ್ದರೆ ಬ್ರೇಕ್ ಒತ್ತಿದ ಕೂಡಲೇ ಫೋರ್ಕ್ ಪೂರ್ತಿ ಕೆಳಗಿಳಿಯುತ್ತದೆ. ಆಮೇಲೆ ಬರುವ ಗುಂಡಿಯನ್ನು ನುಂಗಲು ಅದರಲ್ಲಿ ಜಾಗವೇ ಉಳಿದಿರುವುದಿಲ್ಲ. ಟೈರು ನೆಲ ಬಿಡುತ್ತದೆ. ಅಂಥ ಫೋರ್ಕಿಗೆ ದೊಡ್ಡ ಡಿಸ್ಕ್ ಹಾಕಿದರೆ ತೊಂದರೆ ಇನ್ನೂ ಬೇಗ ಬರುತ್ತದೆ, ಅಷ್ಟೆ. ಡ್ರಮ್ ಗಾಡಿಗೂ ಇದೇ ಮಾತು. ಡ್ರಮ್ ದುಂಡಗಿದೆಯಾ, ಒಳಗಿನ ಬ್ರೇಕ್ ಶೂ ಪೂರ್ತಿ ತಾಗುತ್ತಿದೆಯಾ, ಕೇಬಲ್ ಸಲೀಸಾಗಿ ಓಡುತ್ತಿದೆಯಾ ನೋಡಿ. ಲೇಥ್‌ನಲ್ಲಿ ಡ್ರಮ್ಮಿನ ಒಳಮೈ ಸಮ ಮಾಡಿಸಿ ಒಳ್ಳೇ ಶೂ ಹಾಕಿದರೆ ಊರೊಳಗಿನ ಓಡಾಟಕ್ಕೆ ಧಾರಾಳ ಸಾಕು.

ಇಷ್ಟಾದ ಮೇಲೂ ಡಿಸ್ಕ್ ಬೇಕೇ ಬೇಕು ಅಂದರೆ ಎರಡು ಲೆಕ್ಕ ಮಾಡಲೇಬೇಕು. ಒಂದು, ಫೋರ್ಕಿನ ಉದ್ದ. ಗಿಡ್ಡ ಫೋರ್ಕ್ ಹಾಕಿದರೆ ಹ್ಯಾಂಡಲ್ ಅತಿ ಚುರುಕಾಗಿ, ವೇಗದಲ್ಲಿ ಅಲುಗಾಡಬಹುದು. ಇನ್ನೊಂದು, ಮಾಸ್ಟರ್ ಸಿಲಿಂಡರ್ (ಲಿವರ್ ಹತ್ತಿರ ಇದ್ದು ಬ್ರೇಕ್ ಆಯಿಲ್ ತಳ್ಳುವುದು) ಮತ್ತು ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವುದು) ಹೊಂದಾಣಿಕೆ. ಸಿಲಿಂಡರ್ ದೊಡ್ಡದಾದರೆ ಲಿವರ್ ಕಲ್ಲಿನಂತಾಗುತ್ತದೆ. ಚಿಕ್ಕದಾದರೆ ಲಿವರ್ ಹಿಡಿಕೆಗೆ ಬಂದು ತಾಗುತ್ತದೆ.

ಕಾಗದದ ಮೇಲೆ ನಮ್ಮ ಕಾನೂನು ಜರ್ಮನಿಯದಕ್ಕಿಂತ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿದೆ. ಅದರ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಆದರೆ 15 ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಿಸುವಾಗ ಫೋರ್ಕನ್ನು ಬಗ್ಗಿ ನೋಡಿದವರನ್ನು ನಾನಂತೂ ಕಂಡಿಲ್ಲ. ಬರೀ ‘ಬೇಡ’ ಅಂದರೆ ಜನ ಕದ್ದು ಮಾಡುತ್ತಾರೆ. ಬದಲಾಯಿಸಿದ್ದನ್ನು ತಂದು ತೋರಿಸಿ, ಬ್ರೇಕ್ ಪರೀಕ್ಷೆ ಮಾಡಿಸಿ, ಆರ್‌ಸಿಯಲ್ಲಿ ಬರೆಸಿಕೊಳ್ಳುವ ಸುಲಭದ ದಾರಿ ಪ್ರತಿ ಆರ್‌ಟಿಒದಲ್ಲೂ ಇರಬೇಕು. ನಮ್ಮ ಒಳ್ಳೇ ಫಿಟ್ಟರುಗಳ ಕೆಲಸ ಅಲ್ಲಿ ಖಂಡಿತ ಪಾಸಾಗುತ್ತದೆ. ವೆಲ್ಡ್ ಮಾಡಿದ ಟಿ ಪಾಸಾಗುವುದಿಲ್ಲ, ಆಗಲೂಬಾರದು.