ಮನೆಜಗಳ ಮನೆಯಲ್ಲೇ ನಿಲ್ಲಲಿಲ್ಲ

'ಅಂತರ್ಯುದ್ಧ ಆ ದೇಶದ ಮನೆಜಗಳ, ಹೊರಗೆ ಹಬ್ಬಲ್ಲ' ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. 1936ರಲ್ಲಿ ಸ್ಪೇನ್‌ನಲ್ಲೂ ಶುರುವಾಗಿದ್ದು ಮನೆಜಗಳವೇ. ಸರ್ಕಾರದ ವಿರುದ್ಧ ದಂಗೆ ಎದ್ದ ಸೇನಾಧಿಕಾರಿ ಫ್ರಾಂಕೋ ಕಡೆ ಜರ್ಮನಿಯ ಹಿಟ್ಲರ್, ಇಟಲಿಯ ಮುಸೊಲಿನಿ ನಿಂತರು. ಸರ್ಕಾರದ ಕಡೆ ಸೋವಿಯತ್ ಟ್ಯಾಂಕುಗಳು ಬಂದವು. ಬ್ರಿಟನ್, ಫ್ರಾನ್ಸ್ 'ಯಾರೂ ತಲೆ ಹಾಕಬಾರದು' ಎಂದು ಒಪ್ಪಂದ ಮಾಡಿಸಿದವು. ಅದಕ್ಕೆ ಜರ್ಮನಿ, ಇಟಲಿಯೂ ಒಪ್ಪಿದ್ದವು, ತಮಾಷೆ ಅಲ್ವಾ!

1937ರ ಏಪ್ರಿಲ್ 26, ಸೋಮವಾರ. ಸ್ಪೇನ್‌ನ ಗೆರ್ನಿಕಾ ಪಟ್ಟಣಕ್ಕೆ ಸಂತೆಯ ದಿನ. ನಮ್ಮ ತೀರ್ಥಹಳ್ಳಿ ಕಡೆ ಸಂತೆ ದಿನ ಪೇಟೆ ಹೇಗಿರುತ್ತದೆ, ಸುಮ್ನೆ ನೆನೆಸಿಕೊಳ್ಳಿ. ಅಂಥ ದಿನ ಜರ್ಮನ್, ಇಟಾಲಿಯನ್ ವಿಮಾನಗಳು ಬಾಂಬ್ ಸುರಿದವು.

ಸ್ಪೇನ್‌ನಿಂದಲೇ ಎರಡನೇ ಮಹಾಯುದ್ಧ ಬಂತು ಅನ್ನುತ್ತಿಲ್ಲ. ಆದರೆ ಸ್ಪೇನ್‌ನ ಯುದ್ಧ ಮುಗಿದಿದ್ದು 1939ರ ಏಪ್ರಿಲ್ 1ಕ್ಕೆ. ಅದೇ ವರ್ಷ ಸೆಪ್ಟೆಂಬರ್ 1ಕ್ಕೆ, ಮಹಾಯುದ್ಧ ಶುರುವಾದ ದಿನ, ಅಲ್ಲಿ ಪಳಗಿದ ಜರ್ಮನಿಯ ಸ್ಟೂಕಾ ಬಾಂಬರ್ ವಿಮಾನಗಳು ಪೋಲೆಂಡ್ ಮೇಲಿದ್ದವು.