ಮಳೆ ಜೋರಾಗುವ ಮುಂಚೆ ನಾಯಿಯ ಚೈನು ಬಿಚ್ಚಿ

ಈಜು ಬಲ್ಲ ನಾಯಿಯೂ ಚೈನಿನಲ್ಲಿದ್ದರೆ ಮುಳುಗುತ್ತದೆ. ಗೂಟಕ್ಕೆ ಕಟ್ಟಿದ ಹಸುವಿನ ಪಾಡೂ ಅಷ್ಟೇ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಮರುವರ್ಷ ಅದೇ ತಿಂಗಳಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿದಾಗ, ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಡಬೇಕಾಯಿತು. ಮನೆಯಲ್ಲಿರುವ ಪ್ರಾಣಿಯನ್ನು ಏನು ಮಾಡುವುದು ಎಂದು ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ಯೋಚಿಸಿದರೆ ಒಳ್ಳೆಯ ಉತ್ತರ ಹೊಳೆಯುವುದಿಲ್ಲ. ಅದನ್ನು ಮೇ ತಿಂಗಳಲ್ಲೇ, ಒಣ ನೆಲದ ಮೇಲೆ ಕೂತು ತೀರ್ಮಾನ ಮಾಡಿರಬೇಕು.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಇಲಾಖೆ ಕೊಡುವ ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೆಲಸಕ್ಕಿಳಿಯಿರಿ. ನಮ್ಮಲ್ಲಿ ಬಹಳ ಮಂದಿ ಕೆಂಪಿನ ತನಕ ಕಾಯುತ್ತಾರೆ. ಪ್ರಾಣಿ ಸಾಕಿದವರಿಗೆ ಕಿತ್ತಳೆಯೇ ಕೆಂಪು. ಕಿತ್ತಳೆ ಬಂದ ಸಂಜೆಯೇ ನಾಯಿಯನ್ನು ಚೈನಿನಿಂದ ಬಿಚ್ಚಿ ಮನೆಯೊಳಗೆ ತನ್ನಿ, ಬೆಕ್ಕನ್ನು ಒಳಗೆ ಹಾಕಿ ಕಿಟಕಿ ಮುಚ್ಚಿ, ತಗ್ಗಿನ ಕೊಟ್ಟಿಗೆಯ ದನಗಳನ್ನು ಬೆಳಕಿರುವಾಗಲೇ ದಿಣ್ಣೆಗೆ ಹೊಡೆಯಿರಿ. ಕಟ್ಟಲೇಬೇಕಾದರೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕಿ. ನೆನೆದ ಹಗ್ಗದ ಗಂಟು ಬಿಗಿದುಕೊಂಡುಬಿಡುತ್ತದೆ, ಕತ್ತಲಲ್ಲಿ ನಡುಗುವ ಕೈಗೆ ಅದು ಬಿಚ್ಚಲು ಬರುವುದಿಲ್ಲ. ಕೊಟ್ಟಿಗೆಯ ಬಾಗಿಲ ಪಕ್ಕದ ಮೊಳೆಗೆ ಒಂದು ಹರಿತವಾದ ಕುಡುಗೋಲು ತೂಗುಹಾಕಿ, ಮಳೆಗಾಲ ಮುಗಿಯುವ ತನಕ ಅದನ್ನು ಬೇರೆ ಕೆಲಸಕ್ಕೆ ಒಯ್ಯಬೇಡಿ.

ನಾಯಿಗಿಂತ ಬೆಕ್ಕಿನದು ಕಷ್ಟ. ಮನೆಯಲ್ಲಿ ಗಡಿಬಿಡಿ ಶುರುವಾದ ಕೂಡಲೇ ಅದು ಅಟ್ಟಕ್ಕೋ ಮಂಚದ ಅಡಿಗೋ ಸೇರುತ್ತದೆ. ಆಮೇಲೆ ಕರೆದರೂ ಬರುವುದಿಲ್ಲ. ಆದ್ದರಿಂದ ಸಾಮಾನು ಕಟ್ಟುವ ಮೊದಲು ಬೆಕ್ಕನ್ನು ಬಚ್ಚಲುಮನೆಯಂಥ, ಅಡಗಲು ಜಾಗವಿಲ್ಲದ ಕೋಣೆಯಲ್ಲಿ ಕೂಡಿಹಾಕಿ. ನೀರು ಆಗಲೇ ಮನೆಯೊಳಗೆ ಬರುತ್ತಿದ್ದರೆ ಬಚ್ಚಲು ಬೇಡ, ಮಹಡಿಯ ಕೋಣೆಯೇ ಆಗಬೇಕು. ಒಯ್ಯಲು ಪಂಜರವಿಲ್ಲದವರು ಬಟ್ಟೆ ಹಾಕುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಒಂದೇ ಅಳತೆಯವು ಎರಡು ತಂದಿಟ್ಟುಕೊಳ್ಳಿ. ಒಂದರ ಮೇಲೆ ಇನ್ನೊಂದನ್ನು ಬೋರಲು ಹಾಕಿ, ಅಂಚಿನ ತೂತುಗಳಲ್ಲಿ ಸುತ್ತಲೂ ಎಂಟು ಕಡೆ ಕೇಬಲ್ ಟೈ ಬಿಗಿದರೆ ಗಟ್ಟಿಯಾದ ಗೂಡು. ಆದರೆ ಹೊರಡುವ ದಿನ ಮೊದಲ ಬಾರಿಗೆ ಅದರೊಳಗೆ ತಳ್ಳಲು ಹೋದರೆ ಕೈ ಪರಚಿಸಿಕೊಳ್ಳುತ್ತೀರಿ. ಎರಡು ವಾರ ಮೊದಲೇ ಕೆಳಗಿನ ಬುಟ್ಟಿಯನ್ನು ಅದು ಮಲಗುವ ಮೂಲೆಯಲ್ಲಿಟ್ಟು, ಒಳಗೆ ಹಳೇ ಸೀರೆ ಹಾಸಿ, ದಿನವೂ ಒಂದು ಹೊತ್ತಿನ ಊಟ ಅಲ್ಲೇ ಕೊಡಿ. ಒಣಮೀನಿನ ಒಂದು ಚೂರು ಈ ಕೆಲಸವನ್ನು ಬೇಗ ಮುಗಿಸುತ್ತದೆ.

ಕುಡಿಯುವ ನೀರು ನಾಯಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 50ರಿಂದ 60 ಮಿ.ಲೀ. ಲೆಕ್ಕ. 20 ಕೆ.ಜಿ. ನಾಯಿಗೆ ಐದು ದಿನಕ್ಕೆ ಆರು ಲೀಟರ್ ಬೇಕು. ಇದು ಮನೆಯವರ ನೀರಿನ ಹೊರತು. ಅನ್ನ ತಿನ್ನುವ ನಾಯಿಯಾದರೆ, ಗ್ಯಾಸ್ ಇಲ್ಲದ ದಿನಗಳಿಗೆ ಅವಲಕ್ಕಿ ನೆನೆಸಿ ಕೊಡಬಹುದು. ಆದರೆ ಹೊಸ ಆಹಾರ ಒಮ್ಮೆಲೇ ಹಾಕಿದರೆ ಭೇದಿಯಾಗುತ್ತದೆ, ಮೊದಲೇ ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸಿ. ಬೆಲ್ಟಿನ ಒಳಮೈಗೆ ಅಳಿಸದ ಪೆನ್ನಿನಲ್ಲಿ ಮೊಬೈಲ್ ನಂಬರ್ ಬರೆಯಿರಿ. ಲಸಿಕೆ ಪುಸ್ತಕದ ಫೋಟೊ ಮತ್ತು ಪ್ರಾಣಿಯ ಪಕ್ಕದಲ್ಲಿ ನೀವು ನಿಂತಿರುವ ಒಂದು ಫೋಟೊ ಫೋನಿನಲ್ಲಿರಲಿ. ಕಳೆದುಹೋದ ನಾಯಿ ನಿಮ್ಮದೇ ಎಂದು ತೋರಿಸಲು ಇದರಷ್ಟು ಸುಲಭದ ದಾರಿ ಇನ್ನೊಂದಿಲ್ಲ.

ಇನ್ನು ಕರೆಂಟು. ಇದನ್ನು ಓದಿ ಬಿಡದೆ ಇವತ್ತೇ ನಿಮ್ಮ ಮನೆಯ ಬೋರ್ಡಿನ ಮುಂದೆ ನಿಂತು ನೋಡಿ. ನೀರು ಬಾಗಿಲಿಗೆ ಬರುವ ಮುಂಚೆ ಮೇನ್ ಸ್ವಿಚ್ ಆಫ್ ಮಾಡಬೇಕೆಂದು ಎಲ್ಲರಿಗೂ ಗೊತ್ತು. ಮರೆಯುವುದು ಯುಪಿಎಸ್. ಮೇನ್ ಬಿದ್ದ ಕ್ಷಣವೇ ಅದು ಕರೆಂಟು ಹೋಯಿತೆಂದು ತಿಳಿದು ಬ್ಯಾಟರಿಯಿಂದ 230 ವೋಲ್ಟ್ ಕೊಡಲು ಶುರುಮಾಡುತ್ತದೆ. ನೆಲದ ಹತ್ತಿರದ ಪ್ಲಗ್ಗಿಗೆ ಆ ಲೈನ್ ಹೋಗಿದ್ದರೆ, ಮೇನ್ ಆಫ್ ಆಗಿದ್ದರೂ ನೀರಿನಲ್ಲಿ ಕರೆಂಟು ಇರುತ್ತದೆ. ಮೊದಲು ಮೇನ್, ಆಮೇಲೆ ಯುಪಿಎಸ್‌ನ ಸ್ವಿಚ್, ಆಮೇಲೆ ಅದರ ಪ್ಲಗ್ ಕಿತ್ತುಬಿಡುವುದು, ಈ ಕ್ರಮ ಮನೆಯ ಎಲ್ಲರಿಗೂ ಬಾಯಿಪಾಠವಾಗಿರಲಿ. ಪಾದ ನೀರಿನಲ್ಲಿದ್ದರೆ ಸ್ವಿಚ್ ಮುಟ್ಟಲೇಬೇಡಿ. ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ ಇಲ್ಲದ ಮನೆಗೆ ಅದನ್ನು ಹಾಕಿಸುವುದು ಈ ಮಳೆಗಾಲದ ಮೊದಲ ಖರ್ಚಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಪ್ಪಲಿ ಹಾಕಿದ ನಮಗೆ ಜುಮ್ ಎನ್ನುವ ಸೋರಿಕೆ, ನಾಲ್ಕೂ ಒದ್ದೆ ಪಾದ ನೆಲದ ಮೇಲಿಟ್ಟ ನಾಯಿಗೆ ಪ್ರಾಣಾಂತಿಕ. ಮಳೆಯಲ್ಲಿ ವಾಕಿಂಗ್ ಹೋದಾಗ ಬೀದಿಯ ಕಬ್ಬಿಣದ ಕಂಬದ ಬುಡದಲ್ಲಿ ಕಾಲೆತ್ತಲು ಬಿಡಬೇಡಿ. ನಾಯಿ ಅಲ್ಲಿ ಕಿರುಚಿ ಬಿದ್ದರೆ ಓಡಿಹೋಗಿ ಮುಟ್ಟಬೇಡಿ. ಒಣಗಿದ ಬಿದಿರು ಗಳದಿಂದ ದೂರ ತಳ್ಳಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಹರಿದು ಬಿದ್ದ ತಂತಿ ಕಂಡರೆ ಗಳದಿಂದ ತಳ್ಳುವುದೂ ಬೇಡ, ದೂರ ನಿಲ್ಲಬೇಕು ಅಷ್ಟೇ.

ಬೆಂಗಳೂರಿನಂಥ ಊರಲ್ಲಿ ನೀರು ಗೇಟಿನಿಂದ ಬರುವ ಮುಂಚೆ ಬಚ್ಚಲಿನ ಜಾಲಿಯಿಂದ ಮೇಲೇಳುತ್ತದೆ. ರಸ್ತೆಯ ಚರಂಡಿ ತುಂಬಿದರೆ ಅದು ತಿರುಗಿ ಹರಿಯುವುದು ನಿಮ್ಮ ಮನೆಯ ಪೈಪಿನಲ್ಲೇ. ಜಾಲಿಯ ಮೇಲೆ ದಪ್ಪ ಪ್ಲಾಸ್ಟಿಕ್ ಹಾಸಿ, ಮರಳಿನ ಚೀಲ ಹೇರಿ. ಚೀಲವನ್ನು ಪೂರ್ತಿ ತುಂಬಿಸಬೇಡಿ. ಮುಕ್ಕಾಲಿಗಿಂತ ಕಡಿಮೆ ತುಂಬಿ ಬಾಯಿ ಮಡಚಿಟ್ಟರೆ ಅದು ನೆಲಕ್ಕೆ ಒತ್ತಿಕೊಂಡು ಸಂದು ಮುಚ್ಚುತ್ತದೆ, ಬಿಗಿಯಾಗಿ ತುಂಬಿದ ಚೀಲದ ಪಕ್ಕದಿಂದ ನೀರು ನುಸುಳುತ್ತದೆ. ಗ್ಯಾಸ್ ರೆಗ್ಯುಲೇಟರ್ ಮುಚ್ಚಿ. ಖಾಲಿ ಸಿಲಿಂಡರ್ ತೇಲುತ್ತದೆ, ಕಿಟಕಿ ಸರಳಿಗೆ ಕಟ್ಟಿ.

ಗುಡುಗಿಗೆ ನಡುಗುವ ನಾಯಿಯನ್ನು ಬೈಯಬೇಡಿ, ಎಳೆದು ಹೊರಗೂ ತರಬೇಡಿ. ಅದು ಆರಿಸಿಕೊಂಡ ಮೂಲೆಯಲ್ಲೇ ಇರಲಿ. ಪರದೆ ಎಳೆದು, ಫ್ಯಾನನ್ನೋ ಟಿವಿಯನ್ನೋ ಸ್ವಲ್ಪ ಸದ್ದಿನಲ್ಲಿ ಹಾಕಿ. ತೀರಾ ಹೆದರಿ ಗೋಡೆ ಪರಚುವ, ಗೇಟು ಹಾರಿ ಓಡುವ ನಾಯಿಗೆ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. ಅದು ಗುಡುಗು ಶುರುವಾಗುವ ಮುಂಚೆ ಕೊಟ್ಟರೆ ಕೆಲಸ ಮಾಡುತ್ತದೆ, ಆಮೇಲೆ ಕೊಟ್ಟರೆ ಉಪಯೋಗ ಕಡಿಮೆ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ಹೊರತಂದ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲು ಬೀಳುವ ಮುನ್ಸೂಚನೆ ಕೊಡುತ್ತದೆ, ಅದನ್ನು ಇಟ್ಟುಕೊಳ್ಳಿ.

ಹೊರಡಬೇಕಾಗಿ ಬಂದರೆ ಪ್ರಾಣಿಯೊಂದಿಗೇ ಹೊರಡಿ. ನಾಳೆ ಬಂದು ಕರೆದೊಯ್ಯೋಣ ಎಂದು ಬಿಟ್ಟುಹೋದವರಿಗೆ ಮರುದಿನ ರಸ್ತೆಯೇ ಇರುವುದಿಲ್ಲ. ಹರಿಯುವ ನೀರು ಬರೀ 15 ಸೆಂ.ಮೀ. ಇದ್ದರೂ ದೊಡ್ಡವರ ಕಾಲು ಕಿತ್ತುಹೋಗುತ್ತದೆ, ಎರಡು ಅಡಿ ನೀರು ಹೆಚ್ಚಿನ ವಾಹನಗಳನ್ನು ತೇಲಿಸುತ್ತದೆ. ಗುಡ್ಡದ ಕಡೆಯವರಿಗೆ ಮಾತು ಬೇರೆ. ಧರೆಯಲ್ಲಿ ಹೊಸ ಬಿರುಕು, ವಾಲಿದ ಮರ, ತಿಳಿಯಾಗಿದ್ದ ಹಳ್ಳ ಒಮ್ಮೆಲೇ ಕೆಂಪಾಗುವುದು ಅಥವಾ ಸುರಿಯುವ ಮಳೆಯಲ್ಲೂ ಹಳ್ಳದ ನೀರು ಇಳಿದುಬಿಡುವುದು, ಇವು ಕಂಡರೆ ಬುಟ್ಟಿ ಹುಡುಕುವಷ್ಟೂ ಸಮಯವಿಲ್ಲ. ಹಗ್ಗ ಕತ್ತರಿಸಿ, ಗೂಡು, ಕೊಟ್ಟಿಗೆ, ಗೇಟು ಎಲ್ಲ ತೆರೆದು ಓಡಿ. ಬಿಚ್ಚಿದ ಪ್ರಾಣಿ ತನ್ನ ದಾರಿ ಹುಡುಕಿಕೊಳ್ಳುವ ಸಾಧ್ಯತೆ ಇದೆ, ಕಟ್ಟಿದ್ದಕ್ಕೆ ಆ ಸಾಧ್ಯತೆಯೂ ಇಲ್ಲ. ಒಮ್ಮೆ ಹೊರಬಿದ್ದ ಮೇಲೆ ಪ್ರಾಣಿಗಾಗಿ ವಾಪಸ್ ಹೋಗಬೇಡಿ. ಹೇಳಲು ಕಷ್ಟವಾದರೂ ಇದನ್ನು ಹೇಳಲೇಬೇಕು.

ನೀರು ಇಳಿದ ಮೇಲಿನ ಅಪಾಯದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕೆಸರು ತೊಳೆಯಲು ನಮ್ಮ ಕೈ ಮೊದಲು ಹೋಗುವುದು ಫಿನೈಲ್ ಬಾಟಲಿಗೆ. ಬೆಕ್ಕಿರುವ ಮನೆಯಲ್ಲಿ ಅದು ವಿಷ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ಅಷ್ಟೇ ಸಾಕು. ಡೆಟಾಲ್ ವಿಷಯದಲ್ಲೂ ಇದೇ ಎಚ್ಚರ. ಬದಲಿಗೆ ಮೊದಲು ಬರಿ ನೀರಿನಲ್ಲಿ ಕೆಸರು ಪೂರ್ತಿ ತೊಳೆದು, ಲೀಟರಿಗೆ 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ, ತಿಳಿಯನ್ನು ನೆಲಕ್ಕೆ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕೆಸರು ಉಳಿದಿದ್ದರೆ ಕ್ಲೋರಿನ್ ಎಲ್ಲ ಅದಕ್ಕೇ ಖರ್ಚಾಗುತ್ತದೆ, ರೋಗಾಣು ಸಾಯುವುದಿಲ್ಲ. ನೆಲ ಒಣಗಿದ ಮೇಲೆ ಪ್ರಾಣಿಗಳನ್ನು ಬಿಡಿ. ಬ್ಲೀಚಿಂಗ್ ಜೊತೆ ಆ್ಯಸಿಡ್ ಬೆರೆಸಿದರೆ ವಿಷಾನಿಲ ಬರುತ್ತದೆ. ನೀರಿನ ಸಂಪ್‌ಗೆ ಕೊಳಚೆ ನುಗ್ಗಿದ್ದರೆ ಖಾಲಿ ಮಾಡಿ ಉಜ್ಜಿ, ನೀರು ತುಂಬಿ, 1000 ಲೀಟರಿಗೆ 150 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ ಒಂದು ರಾತ್ರಿ ಬಿಟ್ಟು, ಆ ನೀರನ್ನು ಚೆಲ್ಲಿ, ಹೊಸ ನೀರು ತುಂಬಿಸಿ.

ಇಲಿ ಜ್ವರ ಇದೇ ಹೊತ್ತಿಗೆ ಬರುತ್ತದೆ. ಇಲಿ ಮೂತ್ರ ಬೆರೆತ ನೀರಿನಿಂದ, ಗಾಯದ ಮೂಲಕವೋ ಕಣ್ಣು ಬಾಯಿಯ ಮೂಲಕವೋ ಒಳಸೇರುತ್ತದೆ. ನಾಯಿ ಊಟ ಬಿಟ್ಟು, ವಾಂತಿ ಮಾಡಿ, ಕಣ್ಣು ವಸಡು ಹಳದಿಯಾದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಅದರ ಮೂತ್ರದಿಂದ ಮನೆಯವರಿಗೂ ಹರಡಬಹುದು, ಗ್ಲೌಸ್ ಇಲ್ಲದೆ ಒರೆಸಬೇಡಿ. ಇಲಿ ಜ್ವರದ ಲಸಿಕೆಗೆ ಲೆಪ್ಟೊ ಎನ್ನುತ್ತಾರೆ, ಲಸಿಕೆ ಪುಸ್ತಕದಲ್ಲಿ ಆ ಹೆಸರಿದೆಯೇ ಈಗಲೇ ನೋಡಿ. ರೇಬಿಸ್ ಹಾಕಿಸಿದ್ದೇವೆ ಎಂದು ನೆಮ್ಮದಿಯಾಗಿರುವವರು ಬಹಳ. ಲೆಪ್ಟೊ ಮೊದಲ ಸಲವಾದರೆ ಕೆಲವು ವಾರಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ವರ್ಷಕ್ಕೊಮ್ಮೆ. ಏಪ್ರಿಲಿನಲ್ಲಿ ಶುರುಮಾಡಿದರೆ ಜೂನ್ ಮಳೆಗೆ ಸರಿಹೋಗುತ್ತದೆ. ಇನ್ನೊಂದು ಮಾತು: ಜ್ವರ ಎಂದು ಬೆಕ್ಕಿಗೆ ಡೋಲೊ ಕೊಡಬೇಡಿ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಕರ್ನಾಟಕದಲ್ಲಿ ಪ್ರವಾಹ ಸಂತ್ರಸ್ತರಿಗೆ ತೆರೆಯುವ ಕಾಳಜಿ ಕೇಂದ್ರ ಸಾಮಾನ್ಯವಾಗಿ ಶಾಲೆಯೋ ಕಲ್ಯಾಣ ಮಂಟಪವೋ ಆಗಿರುತ್ತದೆ. ಅದರ ಜಗಲಿಯ ಕೊನೆಗೆ ನಾಲ್ಕು ಬಿದಿರು, ಒಂದು ಟಾರ್ಪಾಲು ಕಟ್ಟಿ ಪ್ರಾಣಿಗಳಿಗೆ ಜಾಗ ಮಾಡುವುದು ದೊಡ್ಡ ಖರ್ಚಲ್ಲ. ನಾಯಿಗೆ ಜಾಗವಿಲ್ಲ ಎಂದು ಮನೆ ಬಿಡದೆ ಕೂರುವ ಹಿರಿಯರನ್ನು ಆಮೇಲೆ ದೋಣಿ ಕಳಿಸಿ ಕರೆತರಬೇಕಾಗುತ್ತದೆ. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ವೇಳೆ ಹೀಗೇ ಆಗಿ, ಮರುವರ್ಷ ಸಾಕುಪ್ರಾಣಿಗಳನ್ನೂ ತೆರವು ಯೋಜನೆಯಲ್ಲಿ ಸೇರಿಸಬೇಕೆಂದು ಕಾನೂನೇ ಬಂತು. ನಮ್ಮಲ್ಲಿ ಕಾನೂನಿಗೆ ಕಾಯಬೇಕಿಲ್ಲ. ಮೇ ತಿಂಗಳ ಗ್ರಾಮಸಭೆಯಲ್ಲೋ ವಾರ್ಡಿನ ಸಭೆಯಲ್ಲೋ ಎದ್ದು ನಿಂತು, ಈ ಸಲದ ಕಾಳಜಿ ಕೇಂದ್ರ ಯಾವುದು, ಅಲ್ಲಿ ದನ, ನಾಯಿ, ಬೆಕ್ಕು ಎಲ್ಲಿರಬೇಕು ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಜಿಲ್ಲೆಯ ವಿಪತ್ತು ಸಹಾಯವಾಣಿ 1077, ಪಶು ಚಿಕಿತ್ಸೆಯ ವಾಹನಕ್ಕೆ 1962. ಎರಡನ್ನೂ ಫೋನಿನಲ್ಲಲ್ಲದೆ ಅಡುಗೆಮನೆಯ ಗೋಡೆಯ ಮೇಲೂ ಬರೆದಿಡಿ, ಚಾರ್ಜ್ ಮುಗಿದ ದಿನ ಅದೇ ಉಪಯೋಗಕ್ಕೆ ಬರುತ್ತದೆ.